ಶಾಲ್ಮಲಾಳಿಗೆ ಜೇಬು

ಶಿರಸಿ
14 ನವೆಂಬರ್ 2024, ಗುರುವಾರ

ಪ್ರೀತಿಯ ಕೂಸೆ ಸಮೃದ್ಧಿ,

ಈ ಕಾಗದ ನಿನಗೆ ಸಿಕ್ಕಿದ್ದು ಡ್ರೆಸ್ಸಿನ ಬಲಗಡೆಯ ಜೇಬಿನಲ್ಲಿ. ನಿನ್ನ ಚಿತ್ರದಲ್ಲಿ ಜೇಬು ಇಲ್ಲವೆಂದು ನನಗೆ ಗೊತ್ತು. ಸಿಟ್ಟು ಮಾಡಿಕೊಳ್ಳುವುದಿದ್ದರೆ ಪೂರ್ತಿ ಓದಿದ ಮೇಲೆ ಮಾಡಿಕೋ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಒಂದು ತಿಂಗಳಿಂದ ನೀನು ಫೋನು ಮಾಡಿ "ಡ್ರೆಸ್ ಆತನೇ ಆಯಿ" ಎಂದು ಕೇಳುತ್ತೀಯ, ನಾನು ಇನ್ನೂ ಇಲ್ಲ ಅನ್ನುತ್ತೇನೆ, ಅಷ್ಟಕ್ಕೇ ಮಾತು ಮುಗಿಯುತ್ತದೆ. ಕಾಗದವನ್ನಾದರೆ ನೀನು ನಡುವೆ ಕಟ್ ಮಾಡಲಾರೆ. ನಾಳೆ ಬೆಳಿಗ್ಗೆ ಅಪ್ಪ ಇದನ್ನು ಯಲ್ಲಾಪುರದ ಬಸ್ಸಿಗೆ ಕೊಟ್ಟು ಬರುತ್ತಾರೆ. ರಿಟೈರಾಗಿ ಮೂರು ವರ್ಷವಾದರೂ ಜೊತೆಯ ಕಂಡಕ್ಟರುಗಳೆಲ್ಲ ಅವರ ಮಾತು ಕೇಳುತ್ತಾರೆ.

ಮೊದಲು ತಪ್ಪೊಪ್ಪಿಗೆ. ಹೋದ ತಿಂಗಳು ನೀನು ಬಂದಾಗ, ನೀನು ಚಿತ್ರ ಬಿಡಿಸುವ ಕಾಮಿಕ್ಸಿನ ಸಂಚಿಕೆ ನಾಲ್ಕರ ಕಥೆ ಮನಸ್ಸಿಗೆ ಒಪ್ಪುತ್ತಿಲ್ಲ, ಕಥೆ ಬರೆಯುವ ಶಶಾಂಕನಿಗೂ ಅಚ್ಚು ಹಾಕಿಸುವ ಪುಣೆಯ ಕಂಪನಿಯವರಿಗೂ ಆಗುವುದಿಲ್ಲ ಎಂದು ಹೇಳಿಬಿಡಲೇ ಎಂದು ನೀನು ಕೇಳಿದೆ. ನಾನು ಮಷಿನ್ನಿನಿಂದ ತಲೆಯನ್ನೂ ಎತ್ತದೆ, "ಕೊಟ್ಟ ಅಳತೆಗೆ ಹೊಲಿಯದು ನಮ್ಮ ಕೆಲ್ಸ, ಬಾಕಿದ್ದು ಎಂತಕ್ಕೆ ನಿಂಗೆ" ಅಂದೆ. ನೀನು ಚೀಲ ಹೆಗಲಿಗೇರಿಸಿಕೊಂಡು, "ನಿಂಗೆ ಯಾವಾಗ್ಲೂ ಎನ್ನ ಚಿತ್ರ ಬರೀ ಕಾಗ್ದ ಆಯಿ" ಅಂದೆ. ನಾಲ್ಕು ಗಂಟೆಯ ಬಸ್ಸಿಗೆ ಹೊರಟೇ ಹೋದೆ. ನಿನಗೆಂದು ತರಿಸಿದ್ದ ಕಬ್ಬಿನ ಹಾಲಿನ ತೊಡದೇವು ಡಬ್ಬಿಯಲ್ಲೇ ಉಳಿಯಿತು. ಆ ಮಾತು ನನಗೆ ತಗುಲಿತು. ಎಷ್ಟು ತಗುಲಿತು, ಯಾಕೆ ತಗುಲಿತು ಎನ್ನುವುದನ್ನು ಹೇಳಲು ಇನ್ನೂ ಧೈರ್ಯ ಸಾಲದು. ಈಗ ಡ್ರೆಸ್ಸಿನ ಸುದ್ದಿ ಹೇಳುತ್ತೇನೆ.

ಹುಬ್ಬಳ್ಳಿಯ ಕಾರ್ಯಕ್ರಮಕ್ಕೆ ನೀನೇ ಕಾಮಿಕ್ಸಿನ ಶಾಲ್ಮಲಾಳ ವೇಷ ಹಾಕಿ ನಿಲ್ಲಬೇಕು ಎಂದು ಕಂಪನಿಯವರು ಹೇಳಿದ್ದಾರೆಂದು, ಮೂರು ಸಂಚಿಕೆಗಳನ್ನೂ ದೊಡ್ಡ ಪೋಸ್ಟರನ್ನೂ ಕಳಿಸಿದ್ದೆಯಲ್ಲ. ನಾನು ನಿನ್ನ ಅಳತೆ ಕೇಳಲಿಲ್ಲ. ಚಿತ್ರ ಬಿಡಿಸಿದವಳು ಅಳತೆಯಿಟ್ಟೇ ಬಿಡಿಸಿರುತ್ತಾಳೆ ಎಂದುಕೊಂಡು ಪೋಸ್ಟರನ್ನು ಕಟಿಂಗ್ ಟೇಬಲ್ಲಿನ ಮೇಲೆ ಹಾಸಿ ಟೇಪು ಹಿಡಿದೆ. ಶಾಲ್ಮಲಾಳ ಎತ್ತರ ಐದು ಅಡಿ ಆರು ಇಂಚು ಎಂದು ನೀನು ಮೂಲೆಯಲ್ಲಿ ಬರೆದಿದ್ದೆ. ಪೋಸ್ಟರಿನಲ್ಲಿ ಅವಳು ಹನ್ನೊಂದು ಇಂಚು. ಅಂದರೆ ಚಿತ್ರದ ಒಂದು ಇಂಚಿಗೆ ಮೈಯ ಆರು ಇಂಚು. ಲೆಕ್ಕ ಸುಲಭವಾಯಿತೆಂದು ಖುಷಿಪಟ್ಟು, ನೀಲಿ ಬಟ್ಟೆ ಹಾಸಿ, ಕತ್ತರಿಸಿ, ಹೊಲಿದೂಬಿಟ್ಟೆ.

ಅಂಗಡಿಯ ಬೊಂಬೆಗೆ ತೊಡಿಸಲು ಹೋದರೆ ಕೊರಳಿಂದಲೂ ಇಳಿಯಲಿಲ್ಲ, ಕಾಲಿಂದಲೂ ಏರಲಿಲ್ಲ. ಮೂವತ್ತೊಂದು ವರ್ಷದ ಕಸುಬಿನಲ್ಲಿ ಲೆಕ್ಕ ತಪ್ಪಿದೆನೇ ಎಂದು ಮತ್ತೆರಡು ಸಲ ಅಳೆದೆ. ತಪ್ಪಿರಲಿಲ್ಲ. ಶಾಲ್ಮಲಾಳ ಸೊಂಟ ಸುತ್ತಳತೆಯಲ್ಲಿ ಹದಿನೈದು ಇಂಚು, ಕೂಸೆ. ಆರು ತಿಂಗಳ ಮಗುವಿನ ಜಬಲಕ್ಕೂ ನಾನು ಅದಕ್ಕಿಂತ ಹೆಚ್ಚು ಬಟ್ಟೆ ಬಿಡುತ್ತೇನೆ. ಪೋಸ್ಟರಿನಲ್ಲಿ ಪಕ್ಕಕ್ಕೆ ನಿಂತ ನಾಯಕ ಗಿರಿಭೀಮನ ತೋಳು ಇವಳ ಸೊಂಟಕ್ಕಿಂತ ದಪ್ಪ. ಅಷ್ಟರಲ್ಲಿ ಪಕ್ಕದ ದಾರ-ಗುಂಡಿ ಅಂಗಡಿಯ ಜೊಹರಾ ನೂಲು ಹೊಂದಿಸಿಕೊಡಲು ಬಂದಳು. ಪೋಸ್ಟರನ್ನು ಹಿಂದೆ ಮುಂದೆ ನೋಡಿದಳು. "ಇದಕ್ಕೆ ಹುಕ್ಕಿಲ್ಲ, ಜಿಪ್ಪಿಲ್ಲ, ಗುಂಡಿನೂ ಇಲ್ಲ. ಈ ಹುಡುಗಿ ಒಳಗೆ ಹೋಗಿದ್ದು ಎಲ್ಲಿಂದ ಪರಿಮಳಕ್ಕ" ಎಂದು ಕೇಳಿದಳು. ನಾನು ಪೋಸ್ಟರಿನಲ್ಲಿದ್ದ ಉಳಿದವರನ್ನು ನೋಡಿದೆ. ಐದು ಜನ ಗಂಡಸರಿಗೂ ಸೊಂಟಪಟ್ಟಿ, ಅದಕ್ಕೆ ಸುತ್ತಲೂ ಚೀಲ, ಎದೆಗೆ ರಕ್ಷಣೆ, ಕಾಲಿಗೆ ಗಟ್ಟಿ ಬೂಟು. ಇವಳಿಗೆ ಮಾತ್ರ ಎತ್ತರದ ಹಿಮ್ಮಡಿ ಮತ್ತು ಹೊಟ್ಟೆಯ ಮೇಲೆ ಒಂದು ಕಿಟಕಿ. ಗುಂಡೇಟು ಹೊಟ್ಟೆಗೆ ಬೀಳುವುದಿಲ್ಲವೆಂದು ವೈರಿಗಳ ಜೊತೆ ಒಪ್ಪಂದವಾಗಿದೆಯೇ ಎಂದು ಅಪ್ಪ ಕೇಳಿದರು.

ಇನ್ನೊಂದು ಒಪ್ಪಿಕೊಳ್ಳಬೇಕು. ಬಚ್ಚಲಲ್ಲಿ ಜಾರಿ ಸೊಂಟ ಉಳುಕಿತೆಂದು ನಿನಗೆ ಹೇಳಿದ್ದೆ. ಸುಳ್ಳು. ಪೋಸ್ಟರಿನಲ್ಲಿ ಶಾಲ್ಮಲಾ ನಿಂತ ಭಂಗಿಯಿದೆಯಲ್ಲ, ಬೆನ್ನು ನಮ್ಮ ಕಡೆ, ಎದೆಯೂ ನಮ್ಮ ಕಡೆ, ಮುಖವೂ ನಮ್ಮ ಕಡೆ, ಅದು ಹೇಗೆಂದು ನೋಡಲು ಟ್ರಯಲ್ ಕನ್ನಡಿಯ ಮುಂದೆ ನಾನೂ ನಿಂತೆ. ಅಪ್ಪ ಎರಡು ದಿನ ಎಣ್ಣೆ ತಿಕ್ಕಿದರು. ಜೊಹರಾ ಇನ್ನೂ ನಗುತ್ತಿದ್ದಾಳೆ.

ಸೊಂಟ ಹಿಡಿದುಕೊಂಡು ಮಲಗಿದಾಗ ಮಾಡಲು ಬೇರೆ ಕೆಲಸ ಇರಲಿಲ್ಲ. ಮೂರೂ ಸಂಚಿಕೆಗಳನ್ನು ಅಪ್ಪ ಗಟ್ಟಿಯಾಗಿ ಓದಿದರು, ನಾನು ಚಿತ್ರ ನೋಡಿದೆ. ನಿಜ ಹೇಳುತ್ತೇನೆ, ಇಷ್ಟು ದಿನ ನೀನು ಕಳಿಸಿದ ಪುಸ್ತಕಗಳನ್ನು ಬಂದವರಿಗೆ ತೋರಿಸುತ್ತಿದ್ದೆನೇ ಹೊರತು ಓದಿರಲಿಲ್ಲ. ನಾನು ತಿಳಿದುಕೊಂಡದ್ದನ್ನು ಒಪ್ಪಿಸುತ್ತೇನೆ, ತಪ್ಪಿದ್ದರೆ ತಿದ್ದು. ಷಡ್ವೀರರು ಎಂಬ ಆರು ಜನರ ತಂಡ. ಒಬ್ಬ ಬೆಟ್ಟ ಎತ್ತುತ್ತಾನೆ, ಒಬ್ಬ ಬೆಂಕಿ ಉಗುಳುತ್ತಾನೆ, ಹೀಗೆ ಐವರು. ಆರನೆಯವಳು ಶಾಲ್ಮಲಾ, ನದಿಯನ್ನೇ ಎಬ್ಬಿಸಿ ನಿಲ್ಲಿಸಬಲ್ಲವಳು. ನನಗೆ ಅವರೆಲ್ಲರಿಗಿಂತ ಅವಳ ಶಕ್ತಿಯೇ ದೊಡ್ಡದೆನ್ನಿಸಿತು. ಆದರೆ ಆ ಶಕ್ತಿಯಿಂದ ಅವಳು ಮಾಡಿದ್ದೇನು? ಮೊದಲ ಸಂಚಿಕೆಯಲ್ಲಿ ಗಿರಿಭೀಮನ ಗಾಯ ತೊಳೆದಳು. ಎರಡನೆಯದರಲ್ಲಿ ಬೆಂಕಿಯವನು ಹಚ್ಚಿದ ಬೆಂಕಿ ಆರಿಸಿದಳು, ಆಮೇಲೆ ವೈರಿಯ ಕಡೆಯ ಒಬ್ಬಳೇ ಒಬ್ಬ ಹೆಂಗಸಿನ ಜೊತೆ ಜಡೆ ಹಿಡಿದು ಗುದ್ದಾಡಿದಳು. ಮೂರನೆಯದರಲ್ಲಿ ಅವಳನ್ನು ಕಟ್ಟಿಹಾಕಿದರು, ಅಲ್ಲಿಗೆ ಸಂಚಿಕೆ ಮುಗಿಯಿತು. ಅಪ್ಪ ಟಿಕೆಟ್ ಲೆಕ್ಕ ಹಾಕಿದ ಕೈಯಲ್ಲವೇ, ಮಾತಿನ ಗುಳ್ಳೆಗಳನ್ನೂ ಎಣಿಸಿದರು. ಮೂರು ಸಂಚಿಕೆಯಲ್ಲಿ ಶಾಲ್ಮಲಾ ಬಾಯಿಬಿಟ್ಟದ್ದು ಇಪ್ಪತ್ತಾರು ಸಲ. ಅದರಲ್ಲಿ ಹದಿನಾಲ್ಕು ಸಲ ಗಿರಿಭೀಮನ ಹೆಸರು ಕೂಗಿದ್ದಾಳೆ, ಐದು ಸಲ "ಎಚ್ಚರ" ಅಂದಿದ್ದಾಳೆ.

ನೀನು ಸಂಚಿಕೆಗಳ ಜೊತೆ ಗೊತ್ತಿಲ್ಲದೆ ಇನ್ನೆರಡು ಹಾಳೆ ಕಳಿಸಿದ್ದೀಯ. ಶಶಾಂಕ ಬರೆದ ಸಂಚಿಕೆ ನಾಲ್ಕರ ಬರಹ. ಓದಬಾರದಿತ್ತು, ಓದಿದೆ. ಹದಿನೆಂಟನೇ ಪುಟದಲ್ಲಿ ಶಾಲ್ಮಲಾ ಸಾಯುತ್ತಾಳೆ. ಹೋರಾಡುತ್ತ ಅಲ್ಲ, ಕಟ್ಟಿದಲ್ಲೇ. ಗಿರಿಭೀಮ ಅವಳನ್ನು ಎತ್ತಿಕೊಂಡು ಆಕಾಶಕ್ಕೆ ಕೂಗಬೇಕಂತೆ, ಆ ಸಿಟ್ಟಿನಲ್ಲಿ ಅವನ ಬಲ ಎರಡರಷ್ಟಾಗಬೇಕಂತೆ, ಅವಳ ತುಂಡಾದ ಬಟ್ಟೆ ಚೆನ್ನಾಗಿ ಕಾಣುವಂತೆ ಬಿಡಿಸಬೇಕಂತೆ. ಕೆಳಗೆ ಪೆನ್ಸಿಲ್ಲಿನಲ್ಲಿ ನಿನ್ನ ಅಕ್ಷರ: "ನವೆಂಬರ್ 18, ಸೋಮವಾರ ಕೊನೇ ದಿನ. ಇದನ್ನು ಹೇಗೆ ಬಿಡಿಸಲಿ?" ಅದನ್ನು ಮೂರು ಸಲ ಓದಿದೆ. ಅಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ಅವಂಗೆ ಸಿಟ್ಟು ಬರವು ಹೇಳಿ ಇವ್ಳು ಸಾಯವಾ?" ಎಂದು ಕೇಳಿದರು. ಅವರು ದನಿಯೆತ್ತಿ ಕೇಳಲಿಲ್ಲ. ಆದರೂ ನನಗೆ ಅಳು ಬಂತು. ನೀನು ಅವತ್ತು ಕೇಳಲು ಬಂದದ್ದು ಇದನ್ನೇ, ನಾನು ನಿನ್ನ ಮುಖವನ್ನೂ ನೋಡದೆ ಅಳತೆಯ ಮಾತಾಡಿದೆ.

ಶಶಾಂಕ ಕೆಟ್ಟ ಹುಡುಗನಲ್ಲ. ಸಿದ್ದಾಪುರದಿಂದ ನಿನ್ನ ಜೊತೆ ಕಾಲೇಜಿಗೆ ಬರುತ್ತಿದ್ದಾಗಿನಿಂದ ನೋಡಿದ್ದೇನೆ. ನಮ್ಮ ಮನೆಗೆ ಬಂದರೆ ತಾನು ಉಂಡ ತಟ್ಟೆ ತಾನೇ ತೊಳೆಯುತ್ತಾನೆ. ಅವನು ಬೇಕೆಂದು ಹೀಗೆ ಬರೆದಿರಲಾರ. ತಾನು ಓದಿದ್ದರಲ್ಲೆಲ್ಲ ಹೀಗೇ ಇತ್ತು, ಅದಕ್ಕೇ ಹೀಗೆ ಬರೆದ. ಅವನನ್ನು ಬಯ್ಯುವ ಮೊದಲು ನನ್ನನ್ನು ಬಯ್ದುಕೊಳ್ಳಬೇಕು. ಎಷ್ಟು ಸಾವಿರ ಹುಡುಗಿಯರ ಯೂನಿಫಾರ್ಮ್ ಹೊಲಿದಿದ್ದೇನೋ, ಒಂದಕ್ಕೂ ಜೇಬಿಟ್ಟಿಲ್ಲ. ಕೇಳಿದವರಿಗೆ "ಕೂಸ್ಗಕ್ಕೆ ಜೇಬು ಎಂತಕ್ಕೆ" ಎಂದು ಹೇಳಿ ಕಳಿಸಿದ್ದೇನೆ. ನೀನೂ ಕೇಳಿದ್ದೆ, ಏಳನೇ ಇಯತ್ತೆಯಲ್ಲಿ, ಪೆನ್ಸಿಲ್ ಇಟ್ಟುಕೊಳ್ಳಲು. ನೀನು ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ದೊಡ್ಡ ದೊಡ್ಡ ಚಿತ್ರ ಬಿಡಿಸಿ, ದಾರ ಪೋಣಿಸಿ ಪುಸ್ತಕ ಮಾಡಿದ್ದು ಅದೇ ವರ್ಷ. ಆ ಪುಸ್ತಕ ಒರಲೆ ಹುಳ ತಿಂದು ಹೋದಾಗ ನೀನು ಮೂರು ದಿನ ಅತ್ತೆ. ಆಮೇಲೆ ಯಾವ ಚಿತ್ರವನ್ನೂ ನನಗೆ ತೋರಿಸಲು ತರಲಿಲ್ಲ. ಮುಗಿದ ಮೇಲೆ, ಅಚ್ಚಾದ ಮೇಲೆ ಕಳಿಸುತ್ತಿದ್ದೆ ಅಷ್ಟೆ.

ಮೊದಲು ಹೊಲಿದ ಡ್ರೆಸ್ಸನ್ನು ಬಿಚ್ಚಿಹಾಕಿದೆ. ಹೊಸ ಬಟ್ಟೆ ತಂದು ನಿನ್ನ ಹೋದ ವರ್ಷದ ಅಳತೆಗೆ ಬೇರೆ ಹೊಲಿದಿದ್ದೇನೆ. ಅದೇ ನೀಲಿ. ಹೊಟ್ಟೆಯ ಕಿಟಕಿ ಮುಚ್ಚಿದ್ದೇನೆ. ಕಂಕುಳಲ್ಲಿ ಸಡಿಲಕ್ಕೆಂದು ಹೆಚ್ಚಿನ ತುಂಡು ಕೊಟ್ಟಿದ್ದೇನೆ, ಕೈಯೆತ್ತಿ ನದಿಯನ್ನು ಎಬ್ಬಿಸುವವಳು ಕೈಯೆತ್ತಿದ ಕೂಡಲೇ ಹೊಲಿಗೆ ಬಿಡಬಾರದಲ್ಲ. ಬೆನ್ನಿಗೆ ಜಿಪ್ಪಿದೆ, ನೀನೇ ಎಳೆದುಕೊಳ್ಳುವಂತೆ ಉದ್ದದ ದಾರ ಕಟ್ಟಿದ್ದೇನೆ. ಎರಡು ಜೇಬು, ಆಳವಾದವು. ಬೊಂಬೆಗೆ ತೊಡಿಸಿ ನಿಲ್ಲಿಸಿದಾಗ ಜೊಹರಾ, "ಈಗ ನೋಡು, ಕೆಲಸಕ್ಕೆ ಹೊರಟೋಳ ಹಾಗೆ ಕಾಣ್ತಾಳೆ" ಅಂದಳು.

ಕೊಟ್ಟ ಅಳತೆಗೆ ಹೊಲಿಯುವುದು ನಮ್ಮ ಕೆಲಸವೆಂದೆನಲ್ಲ, ಅದು ಅರ್ಧ ಮಾತು. ಚೀಟಿಯ ಮೇಲಿನ ಅಳತೆ ಮೈಗೆ ಹೊಂದುವುದಿಲ್ಲವೆಂದು ಕಂಡರೆ ಒಳ್ಳೆಯ ದರ್ಜಿ ಕತ್ತರಿ ಕೆಳಗಿಟ್ಟು ಗಿರಾಕಿಯನ್ನು ಇನ್ನೊಮ್ಮೆ ಕರೆಸುತ್ತಾಳೆ. ಬರುವ ಸೋಮವಾರದೊಳಗೆ ಹದಿನೆಂಟನೇ ಪುಟ ಬಿಡಿಸಲು ನಿನಗೆ ಮನಸ್ಸಿಲ್ಲದಿದ್ದರೆ ಬಿಡಿಸಬೇಡ. ಶಶಾಂಕನನ್ನು ಎದುರು ಕೂರಿಸಿಕೊಂಡು ಹೇಳು. ಕಂಪನಿಯವರು ಪುಸ್ತಕವನ್ನು ಬೇರೆಯವರ ಕೈಗೆ ಕೊಟ್ಟರೆ ಕೊಡಲಿ. ನಿನಗೆ ಬೇಸರವಾಗುತ್ತದೆ, ನನಗೂ ಆಗುತ್ತದೆ. ಆದರೂ ಬೇಡ. ಹೋದ ತಿಂಗಳು ನಾನು ಹೇಳಿದ್ದು ತಪ್ಪು, ಈಗ ಹೇಳುತ್ತಿರುವುದು ಸರಿ ಎಂದು ನನಗೆ ಖಾತ್ರಿಯಿದೆ.

ಎಡಗಡೆಯ ಜೇಬಿನಲ್ಲಿ ಮಡಚಿದ ಕಾಗದವಿದೆ. ಈ ಪತ್ರ ಮುಗಿಯುವವರೆಗೆ ಅದನ್ನು ತೆಗೆಯಬೇಡ. ಅಪ್ಪ ನಿನ್ನನ್ನು ಕೇಳಿದರೆಂದು ಬರೆ ಅಂದರು. ಹೊಸ ತೊಡದೇವು ಇದೇ ಪಾರ್ಸಲಿನಲ್ಲಿದೆ.

ನಿನ್ನ ಆಯಿ,
ಪರಿಮಳಾ

ತಾ.ಕ.: ನಿನ್ನ ಪುಸ್ತಕವನ್ನು ಒರಲೆ ತಿಂದಿರಲಿಲ್ಲ. ಕ್ಯಾಲೆಂಡರಿನ ಕಾಗದ ದಪ್ಪ, ಬಟ್ಟೆಯ ಮೇಲಿಟ್ಟು ಗೆರೆ ಹಾಕುವ ರವಿಕೆಯ ಅಚ್ಚು ಕತ್ತರಿಸಲು ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ನಿನ್ನ ಪುಸ್ತಕದ ದಾರ ಬಿಚ್ಚಿ, ಹಾಳೆ ಹಾಳೆಗೂ ನಾನೇ ಕತ್ತರಿ ಹಾಕಿದೆ. ನೀನು ಅಳುವಾಗ ಒರಲೆಯ ಹೆಸರು ಹೇಳಿದೆ. ಹದಿನೈದು ವರ್ಷ ಅದನ್ನೇ ಹೇಳಿಕೊಂಡು ಬಂದೆ. ಮೊನ್ನೆ ಕಂಕುಳ ತುಂಡಿನ ಅಚ್ಚು ಹುಡುಕುವಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಕಟ್ಟಿನಲ್ಲಿ ನಿನ್ನ ಪುಸ್ತಕದ ಮುಖಪುಟದ ಹಾಳೆ ತುಂಡು ತುಂಡಾಗಿ ಸಿಕ್ಕಿತು. ಬೆನ್ನಿನ ಭಾಗ, ಎರಡು ತೋಳು, ಪಟ್ಟಿ. ಅಂಟುಟೇಪು ಹಚ್ಚಿ ಜೋಡಿಸಿ ಎಡಗಡೆಯ ಜೇಬಿನಲ್ಲಿಟ್ಟಿದ್ದೇನೆ.

ಕತ್ತರಿಸುವ ಮೊದಲು ನಾನು ಆ ಚಿತ್ರದ ಮೇಲೆ ಒಮ್ಮೆ ಕಣ್ಣು ಹಾಯಿಸಿದ್ದೆ. ಐದು ಜನರ ತಂಡ, ನಾಲ್ವರು ಹುಡುಗಿಯರು, ಎಲ್ಲರಿಗಿಂತ ಮುಂದೆ ಕಾಲು ಊರಿ ನಿಂತವರು ಒಬ್ಬರು. ಮುಂದೆ ನಿಂತದ್ದರಿಂದ ಅದು ಅಪ್ಪ ಎಂದುಕೊಂಡೆ. ಹೆಗಲಿಂದ ಇಳಿದ ಪಟ್ಟಿ ಕಂಡಕ್ಟರ್ ಚೀಲದ್ದು ಅಂದುಕೊಂಡೆ. ಮೊನ್ನೆ ಕನ್ನಡಕ ಹಾಕಿಕೊಂಡು ನೋಡಿದರೆ ಆ ಪಟ್ಟಿಯ ಮೇಲೆ ಒಂದು, ಎರಡು, ಮೂರು ಎಂದು ಇಂಚು ಇಂಚಿಗೂ ಅಂಕಿ ಬರೆದಿದ್ದೀಯ. ಸೊಂಟದಲ್ಲಿ ಕತ್ತರಿ. ಸೀರೆಗೆ ಜೇಬು.

ರವಿಕೆಯ ಕೊರಳು ತೆಗೆಯುವಾಗ ಅವಳ ಮುಖವಿದ್ದ ತುಂಡು ಕತ್ತರಿಸಿ ಹೋಗಿದೆ, ಎಷ್ಟು ಹುಡುಕಿದರೂ ಸಿಗಲಿಲ್ಲ. ಆ ಜಾಗ ಹಾಗೇ ಖಾಲಿ ಬಿಟ್ಟು ಕಳಿಸಿದ್ದೇನೆ. ಬಿಡುವಾದಾಗ ಬಿಡಿಸಿಕೊಡು ಕೂಸೆ. ನನ್ನ ಈಗಿನ ಮುಖವನ್ನೇ ಬಿಡಿಸು, ಕನ್ನಡಕ ಸೇರಿಸಿ.