ಮೆರೌಕೆಯಿಂದ ಪದಾಂಗ್‌ಗೆ ಐದು ಗಂಟೆ ನಲವತ್ತು ನಿಮಿಷ

ರಜೆ ಮಂಜೂರು ಮಾಡುವ ಮಾನ್ಯರೇ,

ನಿಮ್ಮ ಮೇಜಿನ ಗಾಜಿನಡಿ ಇರುವ ಪ್ರಯಾಣದ ಪಟ್ಟಿ ಸುಳ್ಳು ಹೇಳುತ್ತದೆ. ದೇಶದ ಪೂರ್ವ ತುದಿಯ ನಮ್ಮ ಮೆರೌಕೆಯಿಂದ ಪಶ್ಚಿಮ ತುದಿಯ ಕಡೆಯ ಪದಾಂಗ್‌ಗೆ ನಾಲ್ಕೂವರೆ ಸಾವಿರ ಕಿಲೋಮೀಟರ್, ವಿಮಾನದಲ್ಲಿ ಐದು ಗಂಟೆ ನಲವತ್ತು ನಿಮಿಷ ಎಂದು ಅದರಲ್ಲಿದೆ. ಆ ವಿಮಾನ ಎಷ್ಟು ಹೊತ್ತಿಗೆ ಹೊರಡುತ್ತದೆ, ದಯವಿಟ್ಟು ತಿಳಿಸಿ. ಇಪ್ಪತ್ತೆರಡು ವರ್ಷಗಳಿಂದ ಮೆರೌಕೆಯಲ್ಲಿ ಭೂಗೋಳ ಕಲಿಸುತ್ತಿದ್ದೇನೆ, ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಕಳೆದ ತಿಂಗಳು ಪದಾಂಗ್ ಕಡೆಯ ಊರಲ್ಲಿರುವ ನನ್ನ ತಂಗಿ ಎರ್ನಿಯ ಮಗಳು ಯೆಲ್ಫಿಗೆ ಗಂಡು ಗೊತ್ತುಮಾಡುವ ಮಾತುಕತೆಯಿತ್ತು. ನಮ್ಮ ಮಿನಾಂಗ್ ಜನರಲ್ಲಿ ಗಂಡಿನ ಮನೆಗೆ ಹೋಗಿ ವೀಳ್ಯದ ತಟ್ಟೆ ಮುಂದಿಟ್ಟು ಮಾತು ತೆಗೆಯಬೇಕಾದವನು ಹುಡುಗಿಯ ಸೋದರಮಾವ. ಅಪ್ಪ ಪಕ್ಕದಲ್ಲಿ ಕೂತಿರಬಹುದು, ಅಷ್ಟೆ. ಯೆಲ್ಫಿಗೆ ಇರುವವನು ನಾನೊಬ್ಬನೇ ಮಾವ. ಆರು ದಿನ ರಜೆ ಕೇಳಿದೆ. ನೀವು ಪಟ್ಟಿಯ ಮೇಲೆ ಬೆರಳಿಟ್ಟಿರಿ.

"ತಿಂಡಿ ತಿಂದು ಹೊರಟ್ರೆ ಮಧ್ಯಾಹ್ನದ ಊಟಕ್ಕೆ ತಂಗಿ ಮನೇಲಿರ್ತೀರಿ ಮೇಷ್ಟ್ರೇ. ಮೂರು ದಿನ ಧಾರಾಳ."

ಎಷ್ಟು ಧಾರಾಳ ನೋಡಿ! ಮೆರೌಕೆಯಿಂದ ಜಯಾಪುರ, ಅಲ್ಲಿಂದ ಮಕಾಸ್ಸರ್, ಆಮೇಲೆ ಜಕಾರ್ತ, ಆಮೇಲೆ ಪದಾಂಗ್: ನಾಲ್ಕು ವಿಮಾನ. ಮಳೆಯಿಂದಾಗಿ ಮೊದಲನೆಯದೇ ತಡವಾಯಿತು. ಮಕಾಸ್ಸರ್ ಮುಟ್ಟುವಷ್ಟರಲ್ಲಿ ಮುಂದಿನದು ಹಾರಿಹೋಗಿತ್ತು, ಒಂದು ದಿನ ಅಲ್ಲೇ ಮುಗಿಯಿತು. ಮರುದಿನ ಮಧ್ಯಾಹ್ನ ಜಕಾರ್ತದಲ್ಲಿದ್ದಾಗ ಗಂಡಿನ ಮನೆಯಿಂದ ತಂಗಿಯ ಫೋನು.

"ಅಣ್ಣಾ, ಎಲ್ಲಿದ್ದೀಯಾ? ಎಲ್ಲಾ ಬಂದು ಕೂತಿದಾರೆ."

"ಜಕಾರ್ತದಲ್ಲಿ ಕಣೇ."

"ಇನ್ನೂ ಜಕಾರ್ತದಲ್ಲೇ? ನಡ್ಕೊಂಡು ಬರ್ತಿದೀಯಾ?"

ಫೋನಿನಲ್ಲೇ ಮಾತಾಡುತ್ತೇನೆ ಎಂದೆ. ಹಿಂದಿನಿಂದ ಹುಡುಗನ ಸೋದರಮಾವನ ದನಿ ಕೇಳಿಸಿತು: "ವೀಳ್ಯಾನೂ ಫೋನಲ್ಲೇ ಕೊಡ್ತಾರಂತಾ? ಹೇಳೋರು ಕೇಳೋರು ಇಲ್ದಿರೋ ಹುಡುಗೀನಾ ಇದು?"

ಪದಾಂಗ್‌ನಿಂದ ಮೂರು ಗಂಟೆ ಬೆಟ್ಟದ ದಾರಿ ಹತ್ತಿ ನಾನು ತಲುಪಿದಾಗ ತಂಗಿ ತಟ್ಟೆ ಎತ್ತಿಕೊಂಡು ಮನೆಗೆ ಮರಳಿದ್ದಳು. ಎಲೆ ಬಾಡಿತ್ತು. ಯೆಲ್ಫಿ ನನ್ನ ಮುಖ ನೋಡಲಿಲ್ಲ. ಅವಳು ಆ ಹುಡುಗನನ್ನು ಮೆಚ್ಚಿಕೊಂಡಿದ್ದಾಳೆ, ಮಾನ್ಯರೇ. ಅವಮಾನದಿಂದ ನಾನು ಅತ್ತುಬಿಟ್ಟೆ.

ಈಗ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪಟ್ಟಿ ಮಾಡಿದವನು ನಾನೇ. ಹನ್ನೊಂದು ವರ್ಷದ ಹಿಂದೆ ನಿಮ್ಮ ಕಚೇರಿಯವರು ಕೇಳಿದರೆಂದು ಶಾಲೆಯ ಗ್ಲೋಬಿನ ಮೇಲೆ ದಾರವಿಟ್ಟು ಅಳೆದೆ, ಗಂಟೆಗೆ ಎಂಟುನೂರು ಕಿಲೋಮೀಟರಿನಂತೆ ಭಾಗಿಸಿದೆ, ಅಂದವಾಗಿ ಬರೆದುಕೊಟ್ಟು ಹಿರಿಹಿರಿ ಹಿಗ್ಗಿದೆ. ನೇರ ವಿಮಾನವೇ ಇಲ್ಲ ಎಂಬ ಒಂದು ಸಾಲು ಸೇರಿಸಲು ಹೊಳೆಯಲಿಲ್ಲ. ಆ ತಪ್ಪು ನನ್ನದು. ಆದರೆ ರಜೆ ಕೇಳುವಾಗ ನಾನು ನಾಲ್ಕು ವಿಮಾನದ ಟಿಕೆಟ್ಟುಗಳನ್ನು ಕಣ್ಣಮುಂದೆ ಹಿಡಿದರೂ ನೀವು ದಾರವನ್ನೇ ನಂಬಿದಿರಲ್ಲ, ಅದು ಯಾರದು?

ಹುಡುಗನ ಮನೆಯವರು ಬರುವ ತಿಂಗಳು ಹನ್ನೆರಡಕ್ಕೆ ಇನ್ನೊಂದು ಅವಕಾಶ ಕೊಟ್ಟಿದ್ದಾರೆ, ಮೂರನೆಯದು ಇಲ್ಲವೆಂದೂ ಹೇಳಿದ್ದಾರೆ. ಆ ಪಟ್ಟಿಯನ್ನು ಗಾಜಿನಡಿಯಿಂದ ತೆಗೆದು ಹರಿದುಹಾಕಿ, ಆರು ದಿನ ರಜೆ ಕೊಡಿ. ಕೊಡದಿದ್ದರೂ ಒಂಬತ್ತರ ಬೆಳಿಗ್ಗೆ ನಾನು ಹೊರಡುತ್ತೇನೆ. ಗೈರುಹಾಜರಿ ಹಾಕುವುದಾದರೆ ಹಾಕಿ. ಈ ಸಲ ವೀಳ್ಯದ ಎಲೆ ಬಾಡುವ ಮೊದಲು ನಾನು ಅಲ್ಲಿರುತ್ತೇನೆ.

ಇಂತಿ,
ದಾರ ಹಿಡಿದು ದೇಶ ಅಳೆದ ಮೇಷ್ಟ್ರು,
ಯೆಲ್ಫಿಯ ಒಬ್ಬನೇ ಮಾವ,
ಶಫ್ರಿಲ್