ಡುಮ್ಮನ ಹೆಸರು ಹೊತ್ತು ಕೇಳಿಸಿಕೊಂಡದ್ದು

ಮನೆಯಿಂದ,
ನಾಲ್ಕನೇ ತಾರೀಕು, ಭಾನುವಾರ ಬೆಳಗ್ಗೆ

ಇವಳೇ,

ಮೊದಲು ‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ‘ಮಾನ್ಯರೇ’ ಎಂದರೆ ಕಂದಾಯದ ನೋಟೀಸಿನಂತೆ ಕಂಡಿತು. ಹೆಸರು ಹಿಡಿದು ಕರೆಯುವ ಅಭ್ಯಾಸ ಸಂಸಾರ ಮಾಡುವಾಗಲೇ ಇರಲಿಲ್ಲ, ಬೇರೆಯಾದ ಹನ್ನೊಂದು ವರ್ಷದ ಮೇಲೆ ಹೊಸದಾಗಿ ಕಲಿಯುವುದು ಬೇಡ. ಆರೋಗ್ಯ ಹೇಗಿದೆ? ಮಂಡಿನೋವು ಕಡಿಮೆಯಾಗಿದೆ ಎಂದು ನಿನ್ನ ತಂಗಿ ಹೇಳಿದಳು. ದೂರದ ಬೋರ್ಡು ಓದಲು ಈಗಲೂ ಕಣ್ಣು ಕಿರಿದು ಮಾಡುತ್ತೀಯಾ? ಹಾಗಿದ್ದರೆ ನಂಬರ್ ಬದಲಾಗಿರುತ್ತದೆ, ತೋರಿಸಿಕೋ. ನಾನು ಚೆನ್ನಾಗಿದ್ದೇನೆ. ಕನ್ನಡಕದ ಅಂಗಡಿಯೂ ಚೆನ್ನಾಗಿದೆ. ತಲೆ ಮಾತ್ರ ನಿನ್ನೆಯಿಂದ ಕಲಸುಮೇಲೋಗರವಾಗಿದೆ.

ನಮ್ಮ ಹುಡುಗನಿಗೆ ಮದುವೆ ಗೊತ್ತಾಗಿದೆ, ಇನ್ನು ಎರಡು ವಾರ. ಹುಡುಗಿ ಅವನ ಲಿಫ್ಟ್ ಕಂಪನಿಯಲ್ಲೇ ಕೆಲಸಕ್ಕಿದ್ದಾಳೆ. ಬಾಯಿ ಸ್ವಲ್ಪ ಜೋರು, ಮನಸ್ಸು ಬಹಳ ಒಳ್ಳೆಯದು. ನೀನು ಬರಬೇಕೆಂದು ಅವನಿಗೆ ಆಸೆ. ನಿನ್ನ ತಂಗಿ ನಿನ್ನ ವಿಳಾಸವನ್ನು ‘ನೀವೇ ಬರೀರಿ ಭಾವ’ ಎಂದು ನನ್ನ ಕೈಗೇ ಕೊಟ್ಟು ಆರು ತಿಂಗಳಾಯಿತು. ತಾನು ಬರೆಯುತ್ತೇನೆ ಎಂದ ಅವನನ್ನು, ಇದು ದೊಡ್ಡವರ ವಿಷಯ, ನಾನೇ ಬರೆಯುತ್ತೇನೆ ಎಂದು ತಡೆದೆ. ಆಮೇಲೆ ಅವನು ‘ಅಮ್ಮನಿಗೆ ಬರೆದ್ಯಾ ಅಪ್ಪಾ?’ ಎಂದು ಮೂರು ಸಲ ಕೇಳಿದ. ಮೂರು ಸಲವೂ ಬರೆದೆ ಎಂದೆ. ಉತ್ತರ ಬಂತಾ ಎಂದರೆ ಇಲ್ಲ ಎಂದೆ. ಅದೊಂದು ಮಾತ್ರ ನಿಜ. ಬರೆಯದ ಕಾಗದಕ್ಕೆ ನೀನಾದರೂ ಏನೆಂದು ಉತ್ತರ ಕೊಡುತ್ತಿದ್ದೆ?

ಯಾಕೆ ಬರೆಯಲಿಲ್ಲ ಎಂದು ಕೇಳಬೇಡ. ನೀನು ಬರುತ್ತೀಯೆಂದು ಹೆದರಿದೆನೋ, ಬರುವುದಿಲ್ಲವೆಂದು ಹೆದರಿದೆನೋ, ನನಗೇ ತಲೆಬುಡ ಗೊತ್ತಾಗುತ್ತಿಲ್ಲ.

ಈಗ ನಿನ್ನೆಯ ಕಥೆ ಕೇಳು. ಮದುವೆಗೆ ಮುಂಚೆ ಗಂಡಿನ ಗೆಳೆಯರು ಬ್ಯಾಚುಲರ್ ಪಾರ್ಟಿ ಎಂದು ಮಾಡುತ್ತಾರಲ್ಲ, ಅದಕ್ಕೆ ಇವರು ವಿಆರ್ ಆಟದ ಜಾಗ ಹಿಡಿದಿದ್ದರು. ಮುಖಕ್ಕೆ ಡಬ್ಬದಂಥ ಹೆಡ್‌ಸೆಟ್ ಕಟ್ಟಿಕೊಂಡರೆ ಕಣ್ಣೆದುರು ಬೇರೆಯೇ ಲೋಕ ಬರುತ್ತದೆ. ಆರು ಜನ ಇದ್ದರೇ ಆಟ ಶುರುವಂತೆ. ಒಬ್ಬ ಕೈಕೊಟ್ಟ. ಆಗ ಡುಮ್ಮ ಅಂಗಡಿಗೆ ಬಂದು ‘ಬನ್ನಿ ಅಂಕಲ್, ಸುಮ್ಮನೆ ನಿಂತ್ಕೊಂಡ್ರೆ ಸಾಕು’ ಎಂದು ನನ್ನನ್ನು ಹೊರಡಿಸಿಯೇ ಬಿಟ್ಟ. ಡುಮ್ಮ ನೆನಪಿದ್ದಾನಾ? ನಮ್ಮ ಸೋಫಾ ಮುರಿದ ಹುಡುಗ. ಈಗ ಕಡ್ಡಿಯಂತಾಗಿದ್ದಾನೆ, ಹೆಸರು ಮಾತ್ರ ಬಿಟ್ಟಿಲ್ಲ.

ದೊಡ್ಡ ಹಾಲ್, ಕಪ್ಪು ಗೋಡೆ, ನೆಲಕ್ಕೆಲ್ಲ ರಬ್ಬರ್ ಹಾಸು, ಒಬ್ಬೊಬ್ಬರಿಗೆ ಒಂದೊಂದು ಚೌಕ. ಕೌಂಟರಿನ ಹುಡುಗಿ ಕಂಪ್ಯೂಟರಿನಲ್ಲಿ ಒಂದೊಂದು ಹೆಡ್‌ಸೆಟ್‌ಗೂ ಅವರವರ ಹೆಸರು ಹಾಕಿ ಕೊಟ್ಟಳು. ನನ್ನದಕ್ಕೆ ‘ಅಂಕಲ್’. ಕಟ್ಟಿಕೊಂಡು ನೋಡುತ್ತೇನೆ, ಎಲ್ಲ ಎರಡೆರಡು! ಮೂವತ್ತೆರಡು ವರ್ಷ ಕನ್ನಡಕ ಕೂರಿಸಿದವನು ನಾನು, ಸುಮ್ಮನಿರಲು ಆಗುತ್ತದೆಯೇ? ಜೇಬಿನ ಅಳತೆಪಟ್ಟಿ ತೆಗೆದು ನೋಡಿದೆ, ಎರಡು ಲೆನ್ಸುಗಳ ನಡುವಿನ ಅಂತರ ಕಡಿಮೆಯಿತ್ತು, ಸರಿಸುವ ಗುಂಡಿ ಸಿಕ್ಕಿಕೊಂಡಿತ್ತು. ನನ್ನ ಕಣ್ಣಿನ ಪಾಪೆಗಳ ಅಂತರ ಅರವತ್ತೆಂಟು ಮಿಲಿಮೀಟರ್. ಡುಮ್ಮನ ಹೆಡ್‌ಸೆಟ್ ಅಳೆದೆ, ಅದು ನನಗೆ ಸರಿಯಾಗಿತ್ತು, ನನ್ನದು ಅವನಿಗೆ. ಅದಲುಬದಲು ಮಾಡಿಕೊಂಡೆವು. ಹುಡುಗರು ಹೊಟ್ಟೆ ಹಿಡಿದು ನಕ್ಕರು. ನಮ್ಮ ಹುಡುಗ ಆಗಲೇ ಮುಖಕ್ಕೆ ಕಟ್ಟಿಕೊಂಡು, ಕಿವಿ ಮುಚ್ಚಿಕೊಂಡು ತನ್ನ ಚೌಕದಲ್ಲಿ ನಿಂತಿದ್ದ. ಅವನಿಗೆ ಇದಾವುದೂ ಗೊತ್ತಾಗಲಿಲ್ಲ. ಹೆಡ್‌ಸೆಟ್ ಜೊತೆ ಹೆಸರೂ ಬದಲಾಗುತ್ತದೆ ಎಂದು ನನಗೂ ಹೊಳೆಯಲಿಲ್ಲ.

ಒಳಗೆ ಹೋದರೆ ಹಡಗು. ಆರು ಜನರಿಗೂ ಒಂದೇ ಥರದ ಕಿತ್ತಳೆ ಬಣ್ಣದ ಉಡುಪು, ಮುಖ ಮುಚ್ಚಿದ ಹೆಲ್ಮೆಟ್, ತಲೆಯ ಮೇಲೆ ಗಾಳಿಯಲ್ಲಿ ಹೆಸರು. ನನ್ನ ತಲೆಯ ಮೇಲೆ ಏನಿದೆಯೆಂದು ನನಗೆ ಹೇಗೆ ಕಾಣಬೇಕು? ಸಮುದ್ರದ ಭೂತ ಒಳಗೆ ನುಗ್ಗದಂತೆ ಇಬ್ಬಿಬ್ಬರಾಗಿ ಕಾವಲು ಕಾಯಬೇಕಂತೆ. ನನಗೂ ಮಗನಿಗೂ ಎಂಜಿನ್ ಕೋಣೆ ಬಂತು. ಹತ್ತಿರ ಇದ್ದವರ ಮಾತು ಮಾತ್ರ ಕಿವಿಗೆ ಬೀಳುತ್ತದೆ. ಭೂತ ಯಾವ ಬಾಗಿಲಿಂದ ಬರುತ್ತದೋ ಎಂದು ನಾನು ಕಣ್ಣು ಕಣ್ಣು ಬಿಡುತ್ತಿದ್ದೆ. ಆಗ ಅವನು ‘ಲೋ’ ಎಂದ. ನನಗೆ ಲೋ! ಭೂತಕ್ಕೆ ಹೇಳಿದನೇನೋ ಎಂದು ತಿರುಗಿ ನೋಡಿದೆ.

‘ಲೋ ಡುಮ್ಮ, ನಿನಗೊಬ್ಬನಿಗೇ ಹೇಳ್ತಿದ್ದೀನಿ ಕಣೋ. ಅಮ್ಮನಿಗೆ ಅಪ್ಪ ಮೂರು ಸಲ ಬರೆದ. ಒಂದಕ್ಕೂ ಉತ್ತರ ಇಲ್ಲ. ಹೆತ್ತವಳಿಗೇ ಬೇಡವಾದವನನ್ನ ಕಟ್ಕೊಂಡು ಈ ಹುಡುಗಿ ಎಷ್ಟು ದಿನ ಇರ್ತಾಳೆ? ಮದುವೆ ಬೇಡ ಅಂತ ಹೇಳಿಬಿಡೋಣ ಅನಿಸ್ತಿದೆ. ಅಪ್ಪನಿಗೆ ಹೇಳಬೇಡ. ಪಾಪ, ನೊಂದ್ಕೊಳ್ತಾನೆ.’

ನಾನು ಕಣೋ, ನಿನ್ನಪ್ಪ, ಎನ್ನಬೇಕಿತ್ತು. ಅಷ್ಟರಲ್ಲಿ ಭೂತ ಬಂತು. ಅವನು ‘ಬಗ್ಗೋ ಡುಮ್ಮ!’ ಎಂದು ಕೂಗಿದ. ಡುಮ್ಮನೆಂದರೆ ನಾನೇ ಎಂಬುದು ಇನ್ನೂ ತಲೆಗೆ ಇಳಿದಿರಲಿಲ್ಲ, ಬಗ್ಗಲಿಲ್ಲ, ಸತ್ತೆ. ಸತ್ತ ಮೇಲೂ ಅವನು ನನ್ನ ಹೆಣ ಕಾಯುತ್ತ ಅಲ್ಲೇ ನಿಂತಿದ್ದ, ನೋಡು. ಆಟ ಮುಗಿದು ಡಬ್ಬ ಬಿಚ್ಚಿದಾಗ ಅವನು ಎಲ್ಲರ ಜೊತೆ ನಗುತ್ತಿದ್ದ. ಕಣ್ಣು ಕೆಂಪಾಗಿತ್ತು. ಡಬ್ಬದ ಅಂಚು ಒತ್ತಿ ಕೆಂಪಾಗಿತ್ತೋ, ಬೇರೆ ಕಾರಣಕ್ಕೋ. ಸಾವಿರಾರು ಜನರ ಕಣ್ಣು ನೋಡಿದ ನನಗೆ ಮಗನ ಕಣ್ಣು ನೋಡಿ ಏನೂ ಹೇಳಲಾಗಲಿಲ್ಲ. ನನ್ನ ಭುಜ ತಟ್ಟಿ ‘ಎಲ್ಲಿ ಅಡಗಿದ್ದೆ ಅಪ್ಪಾ, ಕಾಣಿಸಲೇ ಇಲ್ಲ?’ ಎಂದು ಕೇಳಿದ.

ಆಟದೊಳಗೆ ಕೇಳಿದ ಮಾತನ್ನು ಹೊರಗೆ ತರಬಹುದೇ? ಅವನು ನನಗೆ ಹೇಳಿದ್ದಲ್ಲ, ಆದರೆ ಕೇಳಿಸಿಕೊಂಡವನು ನಾನು. ಡುಮ್ಮನಿಗೆ ಏನೂ ಗೊತ್ತಿಲ್ಲ. ನಿನ್ನೆಯಿಂದ ಹೀಗೇ ಸುತ್ತುತ್ತಿದ್ದೇನೆ. ಒಂದಂತೂ ಸ್ಪಷ್ಟ. ಅವನನ್ನು ಬೇಡವೆಂದವಳು ನೀನಲ್ಲ. ನೀನು ಬೇಡವೆಂದೆ ಎಂದು ಅವನು ನಂಬುವಂತೆ ಮಾಡಿದವನು ನಾನು. ನಾಚಿಕೆಯಾಗುತ್ತಿದೆ. ನಮ್ಮಿಬ್ಬರ ಜಗಳದಲ್ಲಿ ಯಾರದು ತಪ್ಪು ಎಂಬುದು ಬೇರೆ ಮಾತು. ಈ ತಪ್ಪು ಪೂರ್ತಿ ನನ್ನದೇ.

ಮಂಡಿಗೆ ತಣ್ಣೀರು ಸೋಕಿಸಬೇಡ. ನಿನ್ನ ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಅವರು ತೆಗೆದುಕೊಂಡರೆ.

ಇತಿ,
ಹುಡುಗನ ಅಪ್ಪ

ಮುಖ್ಯವಾದದ್ದೇ ಬಿಟ್ಟೆ: ಮದುವೆ ಹದಿನೆಂಟನೇ ತಾರೀಕು, ಭಾನುವಾರ, ಬೆಳಗ್ಗೆ ಹನ್ನೊಂದಕ್ಕೆ. ಹುಡುಗ ಎದ್ದ ಸದ್ದು ಕೇಳುತ್ತಿದೆ, ಬೇಗ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದಿದ್ದೇನೆ, ಅಂಟಿಸಿಲ್ಲ. ಹಾಗೇ ಅವನ ಕೈಗೆ ಕೊಟ್ಟು, ‘ಮೊದಲು ನೀನು ಓದು, ಆಮೇಲೆ ಅಂಚೆಗೆ ಹಾಕು’ ಎನ್ನುತ್ತೇನೆ. ಅವನು ನನಗೆ ಏನು ಹೇಳುತ್ತಾನೋ ಗೊತ್ತಿಲ್ಲ. ಇದು ನಿನ್ನ ಕೈ ಸೇರಿದೆಯೆಂದರೆ, ಎಲ್ಲ ಓದಿದ ಮೇಲೂ ಅವನು ನಿನ್ನನ್ನು ಕರೆದಿದ್ದಾನೆ ಎಂದು ತಿಳಿ. ಬಾ.