ಕತ್ತರಿಸಿದ ಎರಡು ಸೆಕೆಂಡು

ಜೂನ್ 3, ಮಂಗಳವಾರ

ಮೂರನೇ ತರಗತಿ. ಐದು ಹೆಂಗಸರು, ನಾಲ್ಕು ಫೋನು, ನನ್ನದೊಂದು ಕ್ಯಾಮೆರಾ. ಊರ ಸಭಾಂಗಣದ ಫ್ಯಾನು ಹಾಕಿದರೆ ಮೈಕಿಗೆ ಗಾಳಿ, ನಿಲ್ಲಿಸಿದರೆ ಬೆವರು. ನಿಲ್ಲಿಸಿದೆವು.

ಐವರೂ ಕೊಲ್ಲಿ ದೇಶಗಳಲ್ಲಿ ಮನೆಗೆಲಸ ಮಾಡಿ ತಮ್ಮೂರಾದ ಇಂದ್ರಮಾಯುವಿಗೆ ಮರಳಿದವರು. ಇವತ್ತಿನ ಪಾಠ ಇಷ್ಟೇ: ಕ್ಯಾಮೆರಾ ನೋಡುತ್ತ ಹೆಸರು ಹೇಳಬೇಕು. ವಸ್ತೀರಾಳಿಗೆ ಅರವತ್ತು ದಾಟಿದೆ, ನಾಚಿಕೆ ಅನ್ನೋದಿಲ್ಲ. ನನಗೇ ಹೇಳಿದಳು: "ಕಿನಾಂತಿ, ಮೂಗು ಸ್ವಲ್ಪ ಸಣ್ಣದಾಗಿ ತೆಗಿಯೇ. ಇನ್ನೊಬ್ಬ ಗಂಡ ಸಿಕ್ಕಿದ್ರೆ ನಿಂಗೇ ಮೊದಲ ಊಟ!" ಎಲ್ಲರೂ ನಕ್ಕರು. ರಸ್ನೀತಾ ನಗಲಿಲ್ಲ. ಸರದಿ ಬಂದಾಗ ತಲೆವಸ್ತ್ರದ ಅಂಚಿನಿಂದ ಮುಖ ಮುಚ್ಚಿಕೊಂಡಳು. ಇಪ್ಪತ್ತೆಂಟು ವರ್ಷದವಳು. ತನ್ನ ಹೆಸರು ಹೇಳಲು ಏಳು ಸಲ ಬೇಕಾಯಿತು.

ಅಷ್ಟು ಒತ್ತಾಯಿಸಬಾರದಿತ್ತೇನೋ.

ಜೂನ್ 5, ಗುರುವಾರ

ರಸ್ನೀತಾ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದಳು. "ಅಕ್ಕ, ನಾನು ಹಿಡೀಲಾ ಕ್ಯಾಮೆರಾ?" ಕೊಟ್ಟೆ. ದೋಣಿಕಟ್ಟೆಗೆ ಹೋಗಿ, ಮೀನು ಸೀಳುವವರ ಕೈಗಳನ್ನಷ್ಟೇ ಒಂದು ಗಂಟೆ ತೆಗೆದಳು. ಬೆರಳುಗಳು, ಚೂರಿ, ಉಪ್ಪು. ಕೈ ಎಷ್ಟು ಸ್ಥಿರ!

"ಕ್ಯಾಮೆರಾ ಹಿಂದ್ಗಡೆ ನಿಂತ್ರೆ ಹೆದರಿಕೆ ಆಗಲ್ಲ. ನೋಡೋರು ನಾವಾಗ್ತೀವಿ."

ನಾಳೆ ಹಬ್ಬ. ಮೂರ್ನಾಲ್ಕು ದಿನ ತರಗತಿ ಇಲ್ಲ.

ಜೂನ್ 11, ಬುಧವಾರ. ಸಂಜೆ

ಇವತ್ತು ತಾನಾಗಿಯೇ ಕ್ಯಾಮೆರಾ ಮುಂದೆ ಕೂತಳು. ಮುಖ ಮುಚ್ಚಲಿಲ್ಲ. ತಂಗಿ ದಾಸ್ಕೆಮ್‌ಳ ಫೋಟೊ ಎದೆಗೆ ಹಿಡಿದು ಹೇಳಿದಳು:

"ಇವಳಿಗೆ ಹದಿನಾರು. ಕಾಗದದಲ್ಲಿ ಇಪ್ಪತ್ತೆರಡು. ಬರೆಸಿದ್ದು ದಲ್ಲಾಳಿ ಸುವೆಂದ. ಮನೆಯವರ ಒಪ್ಪಿಗೆ ಅಂತ ಸಹಿ ಹಾಕಿದ್ದು ನಾನು. ಕೊಲ್ಲಿಗೆ ಹೋಗಿ ಹನ್ನೊಂದು ತಿಂಗಳಾಯ್ತು, ಒಂದು ಫೋನಿಲ್ಲ."

ಕ್ಯಾಮೆರಾ ನಿಲ್ಲಿಸುವುದನ್ನೇ ಮರೆತಿದ್ದೆ.

ಹೆಮ್ಮೆ ಆಗಬೇಕಿತ್ತು. ಆಗಿದ್ದು ಹೆದರಿಕೆ. ಈ ಊರಲ್ಲಿ ಸುವೆಂದನ ಹೆಸರು ಹೇಳುವವರು ದನಿ ತಗ್ಗಿಸಿ ಹೇಳುತ್ತಾರೆ.

ಜೂನ್ 12, ಗುರುವಾರ

ಯಾರಿಗೂ ಹೇಳದ್ದು, ಇಲ್ಲಿ ಬರೆಯುತ್ತೇನೆ. ಎರಡು ವರ್ಷದ ಹಿಂದೆ, ಬೇರೆ ಊರು, ಇಂಥದೇ ಶಿಬಿರ. ಒಬ್ಬಳು ಗಂಡನ ಏಟಿನ ಬಗ್ಗೆ ಚಿತ್ರ ಮಾಡಿದಳು. ಊರಿಗೆಲ್ಲ ತೋರಿಸಿದೆವು. ಜನ ಚಪ್ಪಾಳೆ ತಟ್ಟಿದರು. ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ. ಗಂಡ ಅವಳ ಕೈ ಮುರಿದದ್ದು ಮೂರು ವಾರದ ಮೇಲೆ ಗೊತ್ತಾಯಿತು. ನೋಡಲು ಹೋಗಲಿಲ್ಲ. ಏನಂತ ಹೋಗಲಿ?

ಧೈರ್ಯ ಕಲಿಸಿ ನಾನು ಊರು ಬಿಡುತ್ತೇನೆ. ಅವರು ಅಲ್ಲೇ ಇರಬೇಕು…

ಜೂನ್ 17, ಮಂಗಳವಾರ

ಬಂದ. ಸುವೆಂದ. ಮಧ್ಯಾಹ್ನ, ತರಗತಿ ನಡೆಯುತ್ತಿರುವಾಗಲೇ. ಇಸ್ತ್ರಿ ಮಾಡಿದ ಬಾಟಿಕ್ ಅಂಗಿ, ಕೈಯಲ್ಲಿ ಕರಿದ ಬಾಳೆಹಣ್ಣಿನ ಪೊಟ್ಟಣ. ಎಲ್ಲರಿಗೂ ತಾನೇ ಹಂಚಿದ.

"ಸಿನಿಮಾ ಮಾಡ್ತಿದೀರಂತೆ? ಒಳ್ಳೇದು, ಒಳ್ಳೇದು. ನಮ್ಮೂರ ಹೆಂಗಸ್ರು ತಾರೆಗಳಾಗಲಿ."

ವಸ್ತೀರಾ ಬಿಡುವವಳಲ್ಲ. "ನೀನೂ ಬಾರಪ್ಪ, ಕಳ್ಳನ ಪಾತ್ರ ಖಾಲಿ ಇದೆ."

ನಕ್ಕ. ನಿಜವಾಗಿ ಖುಷಿಯಾದವನ ಹಾಗೆ ನಕ್ಕ. ಹೊರಡುವಾಗ ನನ್ನ ಹತ್ತಿರ ನಿಂತು, ಮೆತ್ತಗೆ: "ಕಿನಾಂತಿ ಮೇಡಂ, ನಿಮ್ಮಮ್ಮ ಜೋಗ್ಜಾದಲ್ಲಿ ಶಾಲೆ ಗೇಟಿನ ಹತ್ರ ತಿಂಡಿ ಮಾರ್ತಾರಲ್ವಾ? ಒಬ್ಬರೇ ಇರೋದಂತೆ. ಚೆನ್ನಾಗಿ ನೋಡ್ಕೊಳ್ಳಿ. ವಯಸ್ಸಾಯ್ತು."

ಯಾರು ಹೇಳಿದರು ಇವನಿಗೆ?

ಬಾಳೆಹಣ್ಣು ಯಾರೂ ತಿನ್ನಲಿಲ್ಲ. ಇರುವೆ ಹತ್ತಿತು.

ಜೂನ್ 18, ಬುಧವಾರ

ಕತ್ತರಿಸಿದೆ. 'ಬರೆಸಿದ್ದು ದಲ್ಲಾಳಿ' ಆದ ಮೇಲೆ ಎರಡು ಸೆಕೆಂಡು ಮೌನ. ತುಟಿ ಅಲ್ಲಾಡುತ್ತದೆ, ಹೆಸರು ಕೇಳಿಸುವುದಿಲ್ಲ. ರಸ್ನೀತಾಳ ಕ್ಷೇಮಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ಅಮ್ಮನಿಗೆ ಮೂರು ಸಲ ಫೋನ್ ಮಾಡಿದೆ. "ಏನೇ ಆಗಿದೆ ನಿಂಗೆ?" ಅಂದಳು.

ಜೂನ್ 20, ಶುಕ್ರವಾರ

ರಸ್ನೀತಾಳಿಗೆ ಚಿತ್ರ ತೋರಿಸಿದೆ. ಆ ಜಾಗ ಬಂದಾಗ ಫೋನಿನ ಸದ್ದು ಹೆಚ್ಚಿಸಿದಳು. ಹಿಂದಕ್ಕೆ ಎಳೆದು ಮತ್ತೆ ನೋಡಿದಳು. ನಾನು ಕಿಟಕಿ ನೋಡುತ್ತಿದ್ದೆ.

"ಇಲ್ಲಿ ನನ್ನ ದನಿ ಎಲ್ಲಿ ಹೋಯ್ತು?"

"ನಿನ್ನ ಒಳ್ಳೇದಕ್ಕೇ ರಸ್ನೀತಾ… ಅವನು ಸುಮ್ನಿರಲ್ಲ."

"ನಾನು ಸಹಿ ಹಾಕಿದ್ದು ಉಳಿಸಿದೀಯ. ಅವನ ಹೆಸರು ತೆಗ್ದಿದೀಯ. ಅಂದ್ರೆ ತಪ್ಪು ಮಾಡಿದ್ದು ನಾನೊಬ್ಬಳೇನಾ?"

ಅವಳ ದನಿ ಏರಲಿಲ್ಲ, ಅದೇ ಕಷ್ಟವಾಯಿತು.

"ಕೊಲ್ಲಿಯಲ್ಲಿ ಯಜಮಾನಿ ನನ್ನ ಮಾತು ಹೀಗೇ ನುಂಗಿಸ್ತಿದ್ಲು, ಅಕ್ಕ. ಒಳ್ಳೇದಕ್ಕೇ ಅಂತ."

ಎದ್ದು ಹೋದಳು.

ಜೂನ್ 21, ಶನಿವಾರ. ಮಧ್ಯಾಹ್ನ

ಅವಳ ಮನೆಗೆ ಹೋದೆ. ಹಳೆಯ ಊರಿನ ಕಥೆ ಹೇಳಿದೆ, ಮುರಿದ ಕೈಯ ಕಥೆ. ಅನ್ನ ಬಡಿಸುತ್ತ ಕೇಳಿದಳು. ಕೊನೆಗೆ: "ಹೆದ್ರಿಕೆ ನಂಗೂ ಇದೆ. ಆದ್ರೆ ಇದು ನನ್ನ ಹೆದ್ರಿಕೆ. ಎಷ್ಟು ಪಡಬೇಕು ಅನ್ನೋದು ನಾನು ನೋಡ್ಕೋತೀನಿ."

ಎರಡು ಸೆಕೆಂಡು ಮರಳಿ ಸೇರಿಸಿದೆ. ಅಮ್ಮನಿಗೆ ಚಿಕ್ಕಮ್ಮನ ಮನೆಗೆ ಹೋಗಲು ಹೇಳಿದೆ. ಕಾರಣ ಕೇಳಿದಳು. ಹೇಳಿದೆ. "ನಾಳೆಗೆ ಹಿಟ್ಟು ಕಲಸಿಟ್ಟಿದೀನಲ್ಲೇ" ಅಂದಳು. ಹೋದಳು.

ಸಂಜೆ ನಮಾಜ್ ಮುಗಿದ ಮೇಲೆ ಪ್ರದರ್ಶನ.

ಜೂನ್ 22, ಭಾನುವಾರ

ನಿನ್ನೆ ಸಂಜೆ ಸಭಾಂಗಣದ ಅಂಗಳ ತುಂಬಿತ್ತು. ಮೊದಲ ಸಾಲಿನಲ್ಲಿ ಸುವೆಂದ, ಕಡಲೆಕಾಯಿ ಸುಲಿಯುತ್ತ. ಪಕ್ಕದ ಎರಡು ಕುರ್ಚಿ ಖಾಲಿ, ಯಾರೂ ಕೂರಲಿಲ್ಲ.

ಹೆಸರು ಬಂತು. ಸ್ಪೀಕರಿನಲ್ಲಿ, ಅಷ್ಟು ದೊಡ್ಡದಾಗಿ. ಒಬ್ಬರೂ ಅವನ ಕಡೆ ತಿರುಗಲಿಲ್ಲ. ಕಡಲೆಕಾಯಿ ಸುಲಿಯುವುದು ನಿಂತಿತು, ಮತ್ತೆ ಶುರುವಾಯಿತು. ಚಿತ್ರ ಮುಗಿದಾಗ ಅವನೊಬ್ಬನೇ ಚಪ್ಪಾಳೆ ತಟ್ಟಿದ, ನಿಧಾನವಾಗಿ. ರಸ್ನೀತಾ ಪರದೆಯ ಪಕ್ಕ ನೆಟ್ಟಗೆ ನಿಂತಿದ್ದಳು. ನನ್ನ ಕೈ ಯಾಕೋ ವಸ್ತೀರಾಳ ಕೈ ಹಿಡಿದಿತ್ತು.

ಆಗ ಹಿಂದಿನಿಂದ ಒಂದು ಹೆಣ್ಣು ದನಿ. "ಆ ಫೋಟೊ ಇನ್ನೊಂದ್ಸಲ ತೋರಿಸ್ತೀರಾ?"

ಕುಸ್ನಿಯಾ. ಕಳೆದ ತಿಂಗಳಷ್ಟೇ ಕೊಲ್ಲಿಯಿಂದ ಮರಳಿದವಳು. ಪರದೆಯ ಹತ್ತಿರ ಬಂದು ದಾಸ್ಕೆಮ್‌ಳ ಮುಖವನ್ನೇ ನೋಡಿದಳು.

"ನಾನಿದ್ದ ಮನೆ ಎದುರು ಮಾಳಿಗೆ. ಬಟ್ಟೆ ಒಣಗಿಸೋಕೆ ಬರ್ತಿದ್ಲು. ಎಡಗೈಲಿ ಹಿಂಡೋಳು. ಆ ಮನೆಯವ್ರು ಮಾತಾಡೋಕೆ ಬಿಡ್ತಿರಲಿಲ್ಲ, ಕೈ ಬೀಸ್ತಿದ್ಲು."

"ಎಡಗೈ…" ರಸ್ನೀತಾ ಅವಳ ತೋಳು ಹಿಡಿದುಕೊಂಡಳು. "ಎಡಗೈಯೇ. ಬದುಕಿದಾಳಾ?"

"ನಾನು ಹೊರಡೋ ಹಿಂದಿನ ದಿನಾನೂ ನೋಡಿದೀನಿ ತಂಗಿ. ಬೀದಿ ಹೆಸರು ಬರ್ಕೊಡ್ತೀನಿ."

ಸುವೆಂದನ ಕುರ್ಚಿ ಖಾಲಿಯಾಗಿತ್ತು. ಎದ್ದು ಹೋದದ್ದನ್ನು ಯಾರೂ ನೋಡಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಜೂನ್ 23, ಸೋಮವಾರ. ಬೆಳಿಗ್ಗೆ 10.20

ನನ್ನ ಬಸ್ಸು ಎಂಟಕ್ಕಿತ್ತು. ಹತ್ತಲಿಲ್ಲ.

ಪಟ್ಟಣದ ಕಾರ್ಮಿಕ ಕಚೇರಿಯ ಬೆಂಚು. ರಸ್ನೀತಾ, ಕುಸ್ನಿಯಾ, ವಸ್ತೀರಾ, ನಾನು. ಎದುರು ಬೆಂಚಿನಲ್ಲಿ ಸುವೆಂದ—ನಮಗಿಂತ ಮೊದಲೇ ಬಂದು ಕೂತಿದ್ದ. "ಅಮ್ಮ ಆರಾಮಾ ಮೇಡಂ?" ಅಂದ. ವಸ್ತೀರಾ ನಮ್ಮಿಬ್ಬರ ನಡುವೆ ನಿಂತು ತಲೆವಸ್ತ್ರ ಸರಿಮಾಡಿಕೊಳ್ಳುತ್ತಿದ್ದಾಳೆ, ಹತ್ತು ನಿಮಿಷದಿಂದ.

ಅಧಿಕಾರಿ ಚಿತ್ರ ನೋಡಿದರು. ಬೀದಿ ಹೆಸರನ್ನು ರಾಯಭಾರ ಕಚೇರಿಗೆ ಇವತ್ತೇ ಕಳಿಸುತ್ತಾರಂತೆ. ಆದರೆ ದೂರಿಗೆ ಸಾಕ್ಷಿ ಬೇಕು, ಚಿತ್ರ ತೆಗೆದವರದು. ಪೂರ್ತಿ ಹೆಸರು, ಮನೆ ವಿಳಾಸ. ದೂರಿನ ಪ್ರತಿ ಎದುರು ಪಕ್ಷಕ್ಕೂ, ಅಂದರೆ ಸುವೆಂದನಿಗೂ, ಹೋಗುತ್ತದೆ.

ರಸ್ನೀತಾ ನನ್ನ ಮುಖ ನೋಡಲಿಲ್ಲ. "ಬೇಡ ಅನ್ನಿಸಿದ್ರೆ ಬೇಡ ಅಕ್ಕ. ನಾನೇನೂ ಅಂದ್ಕೊಳ್ಳಲ್ಲ" ಅಂದಳು. ಪಾಪ, ನಿಜವಾಗಿಯೇ ಅಂದಳು.

ಅರ್ಜಿ ನನ್ನ ತೊಡೆಯ ಮೇಲಿದೆ. ನಮ್ಮ ಹತ್ತಿರ ಇರುವುದು ನಾನಿದನ್ನು ಬರೆಯುತ್ತಿರುವ ಇದೊಂದೇ ಪೆನ್ನು. ಅವಳಿಗೂ ಸಹಿಗೆ ಬೇಕು, ಕೈ ಚಾಚಿದ್ದಾಳೆ. ಒಂದು ನಿಮಿಷ ತಡಿ ಅಂದೆ, ಮೊದಲು ನನ್ನ ವಿಳಾಸ—